ಐದು ಸೆಕೆಂಡಿನ ಆಯುಷ್ಯ

ಮಂಗಳವಾರ ಸಂಜೆ ಆರೂವರೆಗೆ, ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು, ಲಿಫ್ಟ್ ಮೇಸ್ತ್ರಿ ನಡುಮನೆಯಲ್ಲಿ ನಿಂತು ಭೀಷ್ಮಪ್ರತಿಜ್ಞೆ ಮಾಡಿದ.

"ಹನ್ನೆರಡು ಮಹಡಿ ಹತ್ತಿ ಇಳಿಯೋ ಯಂತ್ರಗಳೇ ನನ್ನ ಕೆಮ್ಮು ಕೇಳಿದ್ರೆ ನೆಟ್ಟಗಾಗ್ತವೆ. ಕೂತಲ್ಲೇ ಕೂತಿರೋ ಈ ಡಬ್ಬ ಯಾವ ಲೆಕ್ಕ? ಊಟಕ್ಕೆ ತಟ್ಟೆ ಹಾಕೋದ್ರೊಳಗೆ ಇದನ್ನ ಸರಿಮಾಡ್ಲಿಲ್ಲ ಅಂದ್ರೆ ನನ್ನನ್ನ ಮೇಸ್ತ್ರಿ ಅಂತ ಕರೀಬೇಡಿ."

ಡಬ್ಬ ಎಂದು ಅವನು ಕರೆದದ್ದು ಹೆಂಡತಿಯ ಕಂಪ್ಯೂಟರನ್ನು. ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಬಲಕ್ಕೆ, ಒಂದು ಗಿಡ್ಡ ಸ್ಟೂಲಿನ ಮೇಲೆ ಅದರ ವಾಸ. ಒಂಬತ್ತು ವರ್ಷ ಒಂದು ದಿನವೂ ಮುಖ ಸಿಂಡರಿಸದೆ ದುಡಿದಿತ್ತು. ಅಂದು ಸಂಜೆ ಹೆಂಡತಿ ಅದರ ಗುಂಡಿ ಒತ್ತಿದಳು. ಒಳಗಿನ ಫ್ಯಾನು ಗುಂಯ್ ಎಂದಿತು, ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು, ಅಷ್ಟರಲ್ಲಿ ಫಟ್ ಎಂದು ಎಲ್ಲ ಕತ್ತಲೆ. ಇನ್ನೊಮ್ಮೆ ಒತ್ತಿದರೆ ಇನ್ನೊಮ್ಮೆ ಹಾಗೆಯೇ. ಮೇಸ್ತ್ರಿ ಕೈಗಡಿಯಾರ ನೋಡಿಕೊಂಡು ಎಣಿಸಿದ. ಒಂದು, ಎರಡು, ಮೂರು, ನಾಲ್ಕು, ಐದು, ಪ್ರಾಣ ಹೋಯಿತು. ಏಳು ಸಲ ನೋಡಿದ. ಏಳು ಸಲವೂ ಐದಕ್ಕೆ ಸರಿಯಾಗಿ ಸತ್ತಿತು. ಸಾಯುವುದರಲ್ಲಿ ಇಷ್ಟು ಶಿಸ್ತಿರುವ ಯಂತ್ರವನ್ನು ಅವನು ತನ್ನ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ.

ಅವನ ಹೆಂಡತಿ ವೃತ್ತಿ ತರಬೇತಿ ಸಂಸ್ಥೆಯೊಂದರಲ್ಲಿ ಹೊಲಿಗೆ ಟೀಚರ್. ಹದಿನಾಲ್ಕು ತಿಂಗಳಿಂದ ಆ ಕಂಪ್ಯೂಟರಿನಲ್ಲಿ ಒಂದು ಪುಸ್ತಕ ಬರೆಯುತ್ತಿದ್ದಳು. ಹೊಸದಾಗಿ ಕತ್ತರಿ ಹಿಡಿಯುವವರಿಗೆ ಕಟಿಂಗ್ ಕಲಿಸುವ ಪಠ್ಯ. ಇನ್ನೂರ ಹನ್ನೆರಡು ಪುಟ, ಹೆಚ್ಚುಕಡಿಮೆ ಪುಟಕ್ಕೊಂದು ಚಿತ್ರ. ಶುಕ್ರವಾರ ಸಂಜೆ ಐದರೊಳಗೆ ಅದು ಪ್ರಕಾಶಕರ ಕೈ ಸೇರಬೇಕಿತ್ತು. ತಪ್ಪಿದರೆ ಮುಂದಿನ ವರ್ಷದ ತರಗತಿಗಳಿಗೆ ಬೇರೆ ಯಾರದೋ ಪುಸ್ತಕ ಬರುತ್ತದೆ ಎಂದು ಅವರು ಖಡಾಖಂಡಿತವಾಗಿ ತಿಳಿಸಿದ್ದರು.

ಇಷ್ಟಾದರೂ ಹೆಂಡತಿಯ ಮುಖದಲ್ಲಿ ಗಾಬರಿ ಕಾಣಲಿಲ್ಲ. ಅವಳು ಕೊರಳಲ್ಲಿದ್ದ ಅಳತೆ ಟೇಪನ್ನು ಸರಿಮಾಡಿಕೊಂಡು, ಅಡುಗೆಮನೆಯ ಕಡೆ ಹೊರಟವಳು ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳು.

"ಆತುರ ಏನಿಲ್ಲ, ರೀ. ಹೇಗೂ ನಿಮ್ಮ ಹತ್ರ ಕಾಪಿ ಇದೆಯಲ್ಲ."

ಮೇಸ್ತ್ರಿ ಚಹಾದ ಲೋಟವನ್ನು ಕೆಳಗಿಟ್ಟ.

ನಿಜ ಹೇಳಬೇಕೆಂದರೆ, ಕಾಪಿ ಇರಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ, ಹೆಂಡತಿ ಪುಸ್ತಕ ಶುರುಮಾಡಿದ ವಾರ, ಅದನ್ನು ಕಾಪಾಡುವ ಹೊಣೆಯನ್ನು ಯಾರೂ ಕೇಳದೆಯೇ ತಾನಾಗಿ ಹೊತ್ತುಕೊಂಡವನು ಅವನು. ಅದಕ್ಕೊಂದು ಭಾರೀ ಕ್ರಮವನ್ನೂ ಹಾಕಿಕೊಟ್ಟಿದ್ದ. ಪ್ರತಿ ಭಾನುವಾರ ಪುಸ್ತಕ ತೆರೆಯುವುದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಣ್ಣಾಡಿಸುವುದು, ಎಲ್ಲ ಸರಿಯಿದ್ದರೆ ಪೆನ್ ಡ್ರೈವಿಗೆ ಕಾಪಿ ಮಾಡಿ ಬೀರುವಿನಲ್ಲಿಟ್ಟು ಬೀಗ ಜಡಿಯುವುದು. ಎರಡು ಭಾನುವಾರ ಈ ವ್ರತ ಸಾಂಗವಾಗಿ ನಡೆಯಿತು. ಮೂರನೆಯ ಭಾನುವಾರ ಊಟದ ಮೇಲೆ ಕಣ್ಣು ಹತ್ತಿತು. ಎದ್ದಾಗ ಹೆಂಡತಿ "ಆಯ್ತಾ?" ಎಂದು ಕೇಳಿದಳು. ನಿದ್ದೆ ಆಯಿತೇ ಎಂದು ಕೇಳಿದಳೋ, ಕಾಪಿ ಆಯಿತೇ ಎಂದು ಕೇಳಿದಳೋ, ಅವನು ವಿಚಾರಿಸಲು ಹೋಗಲಿಲ್ಲ. "ಆಯ್ತು" ಎಂದುಬಿಟ್ಟ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅವಳು "ಆಯ್ತಾ?" ಎನ್ನುವುದು, ಇವನು "ಆಯ್ತು" ಎನ್ನುವುದು ನಡೆದುಕೊಂಡು ಬಂತು. ಈಗ ಬೀರುವಿನಲ್ಲಿದ್ದ ಪೆನ್ ಡ್ರೈವಿನಲ್ಲಿ ಪುಸ್ತಕದ ಒಂಬತ್ತು ಪುಟವೂ, ಅವನು ಆಮೇಲೆ ತುಂಬಿಸಿಕೊಂಡ ಹಳೆಯ ಹಾಡುಗಳು ನೂರಾ ಎಂಬತ್ತೂ ಇದ್ದವು.

ಮೇಸ್ತ್ರಿ ಅಂಜುಬುರುಕನಲ್ಲ. ಹತ್ತನೆಯ ಮಹಡಿಯ ಎತ್ತರದಲ್ಲಿ, ಕತ್ತಲ ಬಾವಿಯಂಥ ಗೂಡಿನಲ್ಲಿ, ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡು ಶಿಳ್ಳೆ ಹಾಕುತ್ತ ಕೆಲಸ ಮಾಡಿದವನು. ಆದರೆ ಹೆಂಡತಿಯ ಎದುರು ನಿಂತು "ಕಾಪಿ ಇಲ್ಲ ಕಣೇ" ಎಂಬ ಮೂರು ಮಾತು ಹೇಳುವ ಎದೆಗಾರಿಕೆ ಅವನಲ್ಲಿ ಹುಡುಕಿದರೂ ಸಿಗಲಿಲ್ಲ. ಹಾಗಾಗಿ ಕಂಪ್ಯೂಟರನ್ನು ಬದುಕಿಸುವುದೊಂದೇ ಅವನಿಗೆ ಉಳಿದ ದಾರಿ.

ಮೊದಲ ಕೆಲಸವಾಗಿ ಅವನು ತನ್ನ ಕೆಲಸದ ಚೀಲದಿಂದ ಹಳದಿ ಬೋರ್ಡೊಂದನ್ನು ತೆಗೆದು ಕಂಪ್ಯೂಟರಿಗೆ ನೇತುಹಾಕಿದ. "ಲಿಫ್ಟ್ ಕೆಟ್ಟಿದೆ. ದಯವಿಟ್ಟು ಮೆಟ್ಟಿಲು ಬಳಸಿ" ಎಂದು ಅದರಲ್ಲಿ ಬರೆದಿತ್ತು. ಬಳಸಲು ಮನೆಯಲ್ಲಿ ಮೆಟ್ಟಿಲಿರಲಿಲ್ಲ. ಆದರೂ ಯಾರೂ ಹತ್ತಿರ ಸುಳಿಯಬಾರದೆಂಬುದು ಎಲ್ಲರಿಗೂ ತಿಳಿಯಿತು. ಆಮೇಲೆ ನೋಟ್‌ಬುಕ್ಕು ತೆರೆದ. ಯಂತ್ರ ತಾನಾಗಿ ಕೆಡುವುದಿಲ್ಲ, ಯಾರೋ ಕೆಡಿಸುತ್ತಾರೆ, ಕೊನೆಗೆ ಮುಟ್ಟಿದವರು ಯಾರೆಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ ಎಂಬುದು ಅವನ ವೃತ್ತಿಜೀವನದ ಸಾರ. ಆದ್ದರಿಂದ ಮನೆಯವರ ಹೇಳಿಕೆ ಪಡೆಯಲು ಕುಳಿತ. ಹೆಂಡತಿ ಸೋಮವಾರ ಮುಟ್ಟಿಯೇ ಇಲ್ಲ, ಸಂಸ್ಥೆಯಲ್ಲಿ ಪರೀಕ್ಷೆಯಿತ್ತು, ಭಾನುವಾರ ಬೆಳಿಗ್ಗೆ ಕೆಲಸ ಮಾಡಿದಾಗ ಚೆನ್ನಾಗಿತ್ತು ಎಂದಳು. ಮನೆಯಲ್ಲಿ ಇನ್ನುಳಿದವರು ಅವಳ ತಾಯಿ. ಎಪ್ಪತ್ತೆರಡು ವಯಸ್ಸು, ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುವ ಕಣ್ಣು. ಹೆಂಡತಿಯ ವಿದ್ಯೆಯೆಲ್ಲ ಅವರಿಂದ ಬಂದದ್ದು.

ತಾನು ಆ ಯಂತ್ರವನ್ನು ಮುಟ್ಟಿದವಳಲ್ಲ, ಎದುರು ಕುರ್ಚಿಯಲ್ಲಿ ಕೂತು ನೋಡಿದ್ದೇನೆ ಅಷ್ಟೇ ಎಂದು ಅತ್ತೆ ಹೇಳಿದರು. ಮೇಸ್ತ್ರಿ "ನೋಡಿದ್ದಾರೆ" ಎಂದು ಬರೆದುಕೊಂಡು ಅದರ ಕೆಳಗೊಂದು ಗೆರೆ ಎಳೆದ.

"ಅಳಿಯಂದ್ರೇ, ನೋಡಿದ್ದು ಅಂದಾಗ ನೆನಪಾಯ್ತು. ಆ ಅಂಗಿ..."

"ಅತ್ತೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಇದು ವಿಚಾರಣೆ."

ತನ್ನ ಹೇಳಿಕೆಯನ್ನು ತಾನೇ ಪಡೆಯಬೇಕೆಂದು ಮೇಸ್ತ್ರಿಗೆ ಹೊಳೆಯಲಿಲ್ಲ. ವಿಚಾರಣೆ ಮಾಡುವವರಿಗೆ ಅದು ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಅಂಗಿಯ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಆ ಮನೆಯಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದೊಂದು ಅಂಗಿ. ಮಿಕ್ಸಿಗೆ ಹೂವಿನದು, ಫ್ರಿಜ್ಜಿಗೆ ಗೆರೆಯದು, ಇಸ್ತ್ರಿಪೆಟ್ಟಿಗೆಗೂ ಒಂದು ದಪ್ಪ ಕೋಟು. ಬರಿಮೈಯಲ್ಲಿ ಓಡಾಡಿಕೊಂಡಿದ್ದದ್ದು ಫ್ಯಾನ್ ಒಂದೇ, ಅದೂ ತಿರುಗುತ್ತದೆ ಎಂಬ ಕಾರಣಕ್ಕೆ. ಕಂಪ್ಯೂಟರಿನ ಡಬ್ಬಕ್ಕೆ ಹೆಂಡತಿ ಗಟ್ಟಿ ಕ್ಯಾನ್ವಾಸ್ ಬಟ್ಟೆಯಲ್ಲಿ, ಮೈಗೆ ಅಂಟಿದಂತೆ, ಟೋಪಿಯಂತೆ ಮೇಲಿಂದ ಇಳಿಸುವ ಅಂಗಿ ಹೊಲಿದಿದ್ದಳು. ಗಾಳಿ ಆಡಲು ಹಿಂದೆ ಮತ್ತು ಬದಿಗೆ ಕಿಂಡಿ, ಮುಂದೆ ಗುಂಡಿ ಒತ್ತಲು ಅಂಚು ಹೊಲಿದ ಕಾಜಾ. ಅಂಗಿ ತೆಗೆಯದೆಯೇ ಕಂಪ್ಯೂಟರ್ ನಡೆಸಬಹುದಿತ್ತು, ನಡೆಸುತ್ತಿದ್ದಳು. ಸಂಸ್ಥೆಯ ಮಕ್ಕಳಿಗೆ ಅಳತೆ ಎಂದರೇನು ಎಂದು ತೋರಿಸಲು ಅದನ್ನೊಮ್ಮೆ ತರಗತಿಗೂ ಒಯ್ದಿದ್ದಳು.

ಮೇಸ್ತ್ರಿ ಅಂಗಿ ಕಳಚಿದ, ತಿರುಪು ಬಿಚ್ಚಿದ, ಡಬ್ಬದ ಹೊಟ್ಟೆ ತೆರೆದ. ಒಳಗೆ ಒಂಬತ್ತು ವರ್ಷದ ಧೂಳು ಹಾಸಿಗೆ ಹಾಸಿಕೊಂಡು ಮಲಗಿತ್ತು. ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಧೂಳೆಲ್ಲ ಎದ್ದು ಒಂದು ಸುತ್ತು ಹಾಕಿ ಅತ್ತೆಯ ಮೇಲೆ ಇಳಿಯಿತು. ಎಲ್ಲ ಸ್ವಚ್ಛವಾದ ಮೇಲೆ ತಿರುಪು ಬಿಗಿದು, ಅಂಗಿ ತೊಡಿಸಿ, ಕರೆಂಟ್ ಕೊಟ್ಟ. ಲಿಫ್ಟಿನ ಕೆಲಸದಲ್ಲಿ ಅದೊಂದು ಕಟ್ಟಳೆ. ಬಿಚ್ಚಿದ್ದನ್ನೆಲ್ಲ ಮೊದಲಿದ್ದಂತೆ ಮುಚ್ಚಿದ ಹೊರತು ಕರೆಂಟ್ ಕೊಡಕೂಡದು. ಈ ಕಟ್ಟಳೆ ಮೀರಿದ ಇಬ್ಬರು ಸಹೋದ್ಯೋಗಿಗಳಿಗೆ ಹುಬ್ಬಿಲ್ಲ. ಆದ್ದರಿಂದ ಮೇಸ್ತ್ರಿ ಕೊನೆಯ ತಿರುಪಿನಿಂದ ಹಿಡಿದು ಅಂಗಿಯ ಅಂಚಿನವರೆಗೆ ಎಲ್ಲ ಸರಿಪಡಿಸಿಯೇ ಗುಂಡಿ ಒತ್ತುತ್ತಿದ್ದ.

ಒಂದು, ಎರಡು, ಮೂರು, ನಾಲ್ಕು, ಐದು. ಸತ್ತಿತು.

ಅಷ್ಟರಲ್ಲಿ ಊಟಕ್ಕೆ ತಟ್ಟೆ ಹಾಕಿದರು. ಅವನ ಪ್ರತಿಜ್ಞೆಯನ್ನು ಯಾರೂ ನೆನಪಿಸಲಿಲ್ಲ. ಅವನಿಗೆ ಅದೇ ಹೆಚ್ಚು ಚುಚ್ಚಿತು.

ಬುಧವಾರ ಅವನು ಕರೆಂಟಿನ ಮೇಲೆ ಸಂಶಯಪಟ್ಟ. ಬೆಳಿಗ್ಗೆ ಏಳಕ್ಕೆ ಶುರುಮಾಡಿ ಕಂಪ್ಯೂಟರನ್ನು ಮನೆಯ ಪ್ರತಿಯೊಂದು ಸಾಕೆಟ್ಟಿನ ಮುಂದೆಯೂ ಕೂರಿಸಿದ. ನಡುಮನೆಯಲ್ಲಿ ಸತ್ತಿತು, ಮಲಗುವ ಕೋಣೆಯಲ್ಲಿ ಸತ್ತಿತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಪ್ಲಗ್ ಕಿತ್ತು ಅಲ್ಲಿ ಇದನ್ನು ಸಿಕ್ಕಿಸಿದ, ಅಲ್ಲಿಯೂ ಸತ್ತಿತು. ಫ್ರಿಜ್ಜಿನ ಪ್ಲಗ್ ಮತ್ತೆ ಹಾಕಲು ಮರೆತದ್ದು ಸಂಜೆ ಹಾಲು ಒಡೆದಾಗಲೇ ಗೊತ್ತಾದದ್ದು. ದೋಷ ವೈರಿಂಗಿನಲ್ಲೇ ಇದೆ ಎಂದು ತೀರ್ಮಾನಿಸಿ ಮೇನ್ ಆಫ್ ಮಾಡಿ ಸ್ವಿಚ್ ಬೋರ್ಡನ್ನೇ ಬಿಚ್ಚಿದ. ಒಳಗಿನ ವೈರುಗಳನ್ನು ಲಿಫ್ಟಿನ ಕ್ರಮದಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ. ಅಚ್ಚುಕಟ್ಟಂತೂ ಬಂತು. ಆದರೆ ಅಂದಿನಿಂದ ಹೊರಗೆ ಯಾರಾದರೂ ಕರೆಗಂಟೆ ಒತ್ತಿದರೆ ಅಡುಗೆಮನೆಯ ದೀಪ ಹತ್ತಿತು, ಅಡುಗೆಮನೆಯ ಸ್ವಿಚ್ ಹಾಕಿದರೆ ಬಾಗಿಲ ಗಂಟೆ ಹೊಡೆಯಿತು. ಅತ್ತೆ ಒಳಗೆ ಹೋದಾಗಲೆಲ್ಲ ಹೆಂಡತಿ ಎದ್ದು ಹೋಗಿ ಬಾಗಿಲು ತೆರೆದಳು. ಮೂರನೆಯ ಸಲ ಅವಳು ತೆರೆಯುವುದನ್ನು ಬಿಟ್ಟಳು. ಆಗ ನಿಜವಾಗಿಯೇ ಬಂದಿದ್ದ ಪಕ್ಕದ ಮನೆಯಾಕೆ ಕತ್ತಲಲ್ಲಿ ಗಂಟೆ ಒತ್ತಿ ಒತ್ತಿ ಸಾಕಾಗಿ ಹಿಂದಿರುಗಿದಳು. ಅಡುಗೆಮನೆಯ ದೀಪ ಮಿಂಚಿದ್ದನ್ನು ಕಂಡ ಅತ್ತೆ ಬಲ್ಬು ಕೆಟ್ಟಿದೆ ಎಂದುಕೊಂಡು ಅದನ್ನು ಕಳಚಿ ಒರೆಸುತ್ತಿದ್ದರು.

"ನಿಮ್ಮ ಹತ್ರ ಪುಸ್ತಕ ಇರೋದ್ರಿಂದ ಸರಿಹೋಯ್ತು. ಇಲ್ಲ ಅಂದಿದ್ರೆ ನಾನು ಇಷ್ಟು ಹೊತ್ತಿಗೆ ಹಾಸಿಗೆ ಹಿಡೀತಿದ್ದೆ" ಎಂದಳು ಹೆಂಡತಿ, ಒಡೆದ ಹಾಲನ್ನು ಸೋಸುತ್ತ.

ಮೇಸ್ತ್ರಿ ಅವಳ ಮುಖ ನೋಡಲಿಲ್ಲ. ಅವಳು ಅತ್ತಿದ್ದರೆ, ಕೂಗಾಡಿದ್ದರೆ, ಸ್ಕ್ರೂಡ್ರೈವರ್ ಕಸಿದುಕೊಂಡು ಬಿಸಾಡಿದ್ದರೆ ಅವನಿಗೆ ಹಿತವಾಗುತ್ತಿತ್ತು. ಅವಳ ನೆಮ್ಮದಿಯೇ ಅವನನ್ನು ಒಳಗೊಳಗೆ ಅರೆಯುತ್ತಿತ್ತು. ಹದಿನಾಲ್ಕು ತಿಂಗಳು ಕೆಲಸ ಮುಗಿಸಿ ಬಂದ ಮೇಲೆ ಅವಳು ಬೆನ್ನು ಬಗ್ಗಿಸಿ ಕೂತು ತೋಳಿನ ಚಿತ್ರ, ಕಾಲರಿನ ಚಿತ್ರ ಬರೆದದ್ದನ್ನು ಅವನೇ ಕಣ್ಣಾರೆ ಕಂಡಿದ್ದ. ಆ ಒಂದೊಂದು ಗೆರೆಯೂ ಈಗ ಈ ಡಬ್ಬದೊಳಗೆ, ಐದು ಸೆಕೆಂಡಿನ ಆಚೆ ಇತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಸಹ್ಯವಾದಷ್ಟೂ ಜೋರಾಗಿ ತಿರುಪು ಬಿಚ್ಚಿದ.

ಫೋನಿನಲ್ಲಿ ಸಲಹೆ ಕೇಳಿದ. ಮೆಮೊರಿಯ ಪಟ್ಟಿಯನ್ನು ತೆಗೆದು ರಬ್ಬರಿನಿಂದ ಉಜ್ಜು ಎಂದ ಒಬ್ಬ ಸಹೋದ್ಯೋಗಿ. ಪೆನ್ಸಿಲ್ ಅಳಿಸುವ ರಬ್ಬರು ಸಿಗದೆ ಹೆಂಡತಿಯ ಪೆಟ್ಟಿಗೆಯಿಂದ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣವನ್ನೇ ತೆಗೆದು ಉಜ್ಜಿದ. ಬಿಳಿಯಾದದ್ದನ್ನು ಒರೆಸಲು ಅರ್ಧ ಗಂಟೆ ಹಿಡಿಯಿತು. ಇನ್ನೊಬ್ಬ, ಅದಕ್ಕೆ ಬಿಸಿ ತಡೆಯುತ್ತಿಲ್ಲ, ತಂಪಾಗಿಡು ಎಂದ. ಮೇಸ್ತ್ರಿ ಎರಡು ಗಂಟೆ ಟೇಬಲ್ ಫ್ಯಾನ್ ಹಚ್ಚಿ ಅದರ ಪಕ್ಕ ಬೆವರುತ್ತ ಕುಳಿತ. ಪ್ರತಿಸಲವೂ ಬಿಚ್ಚಿದ, ಜೋಡಿಸಿದ, ಕಟ್ಟಳೆ ತಪ್ಪದೆ ಅಂಗಿ ತೊಡಿಸಿ ಎಳೆದು ಸರಿಮಾಡಿದ, ಕಾಜಾದಲ್ಲಿ ಬೆರಳು ತೂರಿಸಿ ಒತ್ತಿದ. ಪ್ರತಿಸಲವೂ ಐದಕ್ಕೆ ಸತ್ತಿತು. ಪ್ರತಿಸಲವೂ ಒಂದೊಂದು ತಿರುಪು ಹೆಚ್ಚಿಗೆ ಉಳಿಯುತ್ತಿತ್ತು.

"ಅಳಿಯಂದ್ರೇ, ಆ ಅಂಗಿ ಯಾಕೋ..." ಎಂದು ಅತ್ತೆ ಮತ್ತೆ ಶುರುಮಾಡಿದರು.

"ಅತ್ತೆ, ಯಂತ್ರಕ್ಕೆ ಜೀವ ಬರಲಿ. ಅಲಂಕಾರ ಆಮೇಲೆ ನೋಡೋಣ."

ಗುರುವಾರ ಅವನು ಅರ್ಧ ದಿನ ರಜೆ ಹಾಕಿ, ಮಾನ ಮರ್ಯಾದೆ ಎಲ್ಲ ಬದಿಗಿಟ್ಟು, ಪೇಟೆಯ ರಿಪೇರಿ ಅಂಗಡಿಗೆ ಹೊರಟ. ದಾರಿಯ ಧೂಳಿಗೆ ಅಂಗಿ ಕೊಳೆಯಾದೀತೆಂದು ಅದನ್ನು ಕಳಚಿ ಮನೆಯಲ್ಲೇ ಮಡಿಸಿಟ್ಟು, ಡಬ್ಬವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಎದೆಗವಚಿಕೊಂಡು ನಡೆದ. ಅಂಗಡಿಯಲ್ಲಿದ್ದಾಕೆ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಮೇಸ್ತ್ರಿ ಉಸಿರು ಹಿಡಿದು ಎಣಿಸಿದ. ಐದಾಯಿತು, ಆರಾಯಿತು, ಹದಿನೈದಾಯಿತು. ಪರದೆಯ ಮೇಲೆ ಹೆಂಡತಿ ಇಟ್ಟುಕೊಂಡಿದ್ದ ನೀಲಿ ಹೂವಿನ ಚಿತ್ರ ಅರಳಿ ನಿಂತಿತು. ಆಕೆ ಆರಿಸಿ ಮತ್ತೆ ಹಚ್ಚಿದಳು. ಹತ್ತು ಸಲ ಹಚ್ಚಿದಳು, ಹತ್ತು ಸಲವೂ ಹೂವು ಅರಳಿತು.

"ಇದಕ್ಕೇನೂ ಆಗಿಲ್ಲ. ಮನೇಲಿ ಇದಕ್ಕೆ ಏನ್ ಮಾಡ್ತಿದ್ದೀರಿ?" ಎಂದು ಕೇಳಿದಳು, ತವರಿಗೆ ಬಂದ ಮಗಳ ಪರವಾಗಿ ಅಳಿಯನನ್ನು ಕೇಳುವ ಧಾಟಿಯಲ್ಲಿ.

ಏನೂ ಮಾಡುತ್ತಿಲ್ಲ, ಗಾಳಿ ಹಾಕುತ್ತಿದ್ದೇನೆ ಎಂದ ಮೇಸ್ತ್ರಿ. ಮುಖ್ಯವಾದ ಕಡತವೇನಾದರೂ ಇದ್ದರೆ ಈಗಲೇ ಕಾಪಿ ಮಾಡಿಕೊಡಲೇ ಎಂದು ಆಕೆ ಕೇಳಿದಳು. ಪೆನ್ ಡ್ರೈವ್ ತನ್ನಲ್ಲೇ ಇದೆ ಎಂದೂ ಹೇಳಿದಳು. ಇಲ್ಲಿ ಮೇಸ್ತ್ರಿ ಮಾಡಿದ ಕೆಲಸವನ್ನು ನೆನೆದರೆ ಇಂದಿಗೂ ಅವನ ಕಿವಿ ಕೆಂಪಾಗುತ್ತದೆ. ಕಳೆದುಹೋದ ಜಂಬ ಅಷ್ಟೂ ಒಮ್ಮೆಗೇ ಹಿಂದಿರುಗಿ ಅವನ ಹೆಗಲೇರಿ ಕುಳಿತಿತ್ತು.

"ಗುಣವಾದ ರೋಗಿ ಹತ್ರ ಯಾರಾದ್ರೂ ಉಯಿಲು ಬರೆಸ್ತಾರಾ? ಬೇಡ ಬಿಡಿ" ಎಂದು ನಕ್ಕು, ಡಬ್ಬವನ್ನು ಎತ್ತಿಕೊಂಡು ಬಂದುಬಿಟ್ಟ.

ಮನೆಯಲ್ಲಿ ಹೆಂಡತಿಯನ್ನೂ ಅತ್ತೆಯನ್ನೂ ಕರೆದು ಕುರ್ಚಿಯಲ್ಲಿ ಕೂರಿಸಿದ. ಡಬ್ಬವನ್ನು ಸ್ಟೂಲಿನ ಮೇಲಿಟ್ಟ, ವೈರು ಸಿಕ್ಕಿಸಿದ, ಅಂಗಿ ತೊಡಿಸಿದ, ಹಳದಿ ಬೋರ್ಡನ್ನು ಗಂಭೀರವಾಗಿ ಇಳಿಸಿದ. ರಿಬ್ಬನ್ ಕತ್ತರಿಸುವ ಮಂತ್ರಿಯ ಹಾಗೆ ಒಂದು ಸಲ ಎಲ್ಲರನ್ನೂ ನೋಡಿ ಗುಂಡಿ ಒತ್ತಿದ.

ಐದು ಎಣಿಸಿದ್ದು ಈ ಸಲ ಅತ್ತೆ.

ಮೇಸ್ತ್ರಿ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಳಿತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇವನ ವಿಷಯದಲ್ಲಿ ತುತ್ತು ಬಾಯಿಗೇ ಬಂದಿತ್ತು, ಇವನೇ ಉಗುಳಿ ಬಂದಿದ್ದ. ಮತ್ತೆ ಅಂಗಡಿಗೆ ಓಡೋಣವೆಂದರೆ ಅದು ಆರಕ್ಕೆ ಮುಚ್ಚುತ್ತದೆ, ಆಗಲೇ ಆರು ಹೊಡೆದಿತ್ತು. ಶುಕ್ರವಾರ ಅದಕ್ಕೆ ವಾರದ ರಜೆ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟು, ಪಾಪ, ಎಷ್ಟು ಒದ್ದಾಡುತ್ತಿದ್ದೀರಿ, ನಾಳೆ ಆ ಪೆನ್ ಡ್ರೈವ್ ಕೊಟ್ಟುಬಿಡಿ, ಸಂಸ್ಥೆಯಿಂದಲೇ ಕಳಿಸುತ್ತೇನೆ ಎಂದಳು.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಹೆಂಡತಿ ಊಟಕ್ಕೆ ಮನೆಗೆ ಬಂದಳು. ಪೆನ್ ಡ್ರೈವ್ ಮಧ್ಯಾಹ್ನ ಕೊಡುತ್ತೇನೆಂದು ಬೆಳಿಗ್ಗೆ ಅವಳನ್ನು ಸಾಗಹಾಕಿ ರಜೆ ಹಾಕಿ ಕೂತಿದ್ದ ಮೇಸ್ತ್ರಿ ಕಂಪ್ಯೂಟರಿನ ಮುಂದೆ ಬಾಲ ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ತಿರುಗುತ್ತಿದ್ದ. ಗೋಡೆಯ ಗಡಿಯಾರ ಮೂರರ ಕಡೆ ನಡೆಯುತ್ತಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವಳು ಕೈ ತೊಳೆದು ಬಂದು ನಿಂತಾಗ ಅವನು ನೆಲ ನೋಡುತ್ತ ಬಾಯಿ ತೆರೆದ.

"ನಿನಗೊಂದು ವಿಷಯ ಹೇಳ್ಬೇಕು. ಕೋಪ ಮಾಡ್ಕೋಬಾರದು ಅಂತ ಹೇಳೋಕೂ ನನಗೆ ಮುಖ ಇಲ್ಲ. ಆ ಪೆನ್ ಡ್ರೈವ್..."

"ಇವತ್ತು ಯಾರು ಏನೇ ಅನ್ಲಿ, ನಾನು ಹೇಳೇಬಿಡ್ತೀನಿ" ಎಂದು ಅತ್ತೆ ಕುರ್ಚಿಯಿಂದ ಎದ್ದರು. "ಮಂಗಳವಾರದಿಂದ ನೋಡ್ತಿದ್ದೀನಿ. ಆ ಅಂಗಿ ಕಾಜಾ ಯಾಕೆ ಅಷ್ಟು ಮೇಲಕ್ಕೆ ಹೋಗಿದೆ? ನನ್ನ ಮಗಳು ಹಾಗೆ ಹೊಲಿಯೋಳಲ್ಲ."

ಹೆಂಡತಿ ತಿರುಗಿ ನೋಡಿದಳು. ಮಂಗಳವಾರ ಹಳದಿ ಬೋರ್ಡು ನೇತುಬಿದ್ದ ಮೇಲೆ ಅವಳು ಅದರ ಹತ್ತಿರ ಬಂದದ್ದು ಅದೇ ಮೊದಲು. ಮಂಡಿಯೂರಿ ಕೂತು, ಕೊರಳಿನ ಟೇಪು ಎಳೆದು ಅಂಗಿಯ ಎತ್ತರ ಅಳೆದಳು. ಹದಿನೇಳು ಇಂಚು ಇರಬೇಕಾದದ್ದು ಹದಿನಾರು ಇತ್ತು. ಕಾಜಾ ಬೆರಳಗಲ ಮೇಲೇರಿ, ಅದರ ಕೆಳ ಅಂಚು ಗುಂಡಿಯ ಅರ್ಧ ಮುಖವನ್ನು ಮುಚ್ಚಿತ್ತು. ಅವಳು ಬೆರಳು ತೂರಿಸಿ ಮೆಲ್ಲಗೆ ಒತ್ತಿದಳು. ಬೆರಳಿನ ಜೊತೆ ಗಟ್ಟಿ ಅಂಚೂ ಒಳಗೆ ಹೋಯಿತು. ಬೆರಳು ಹೊರಬಂದರೂ ಅಂಚು ಗುಂಡಿಯ ಸಂದಿಯಲ್ಲಿ ಸಿಕ್ಕಿಕೊಂಡು ಅದನ್ನು ಒತ್ತಿಯೇ ಹಿಡಿದಿತ್ತು. ಆ ಗುಂಡಿಯನ್ನು ಐದು ಸೆಕೆಂಡ್ ಬಿಡದೆ ಒತ್ತಿ ಹಿಡಿದರೆ ಕಂಪ್ಯೂಟರ್ ತಾನಾಗಿ ಆರಿಹೋಗುತ್ತದೆ. ಹಾಗೆಂದೇ ಅದನ್ನು ಮಾಡಿಟ್ಟಿದ್ದಾರೆ.

"ಇದನ್ನ ಒಗೆದವರು ಯಾರು?" ಎಂದು ಹೆಂಡತಿ ಕೇಳಿದಳು.

ಅತ್ತೆ ಅಳಿಯನ ಮುಖ ನೋಡಿದರು. ಅಳಿಯ ಕಿಟಕಿಯಾಚೆ ನೋಡಿದ. ಭಾನುವಾರ ಮಧ್ಯಾಹ್ನ, "ಮನೆಗೆಲಸ ಹೆಂಗಸರೇ ಮಾಡಬೇಕಾ?" ಎಂದು ದೊಡ್ಡ ಭಾಷಣ ಬಿಗಿದು, ತನ್ನ ಗ್ರೀಸು ಹತ್ತಿದ ಕೆಲಸದ ಬಟ್ಟೆಗಳ ಜೊತೆ ಕಂಪ್ಯೂಟರಿನ ಅಂಗಿಯನ್ನೂ ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವಿದವನು ಅವನೇ. ತಣ್ಣೀರು ಬಿಟ್ಟರೆ ಬೇರೆ ಸೋಕಿಸಬೇಡಿ ಎಂದು ಹೆಂಡತಿ ಹೊಲಿದ ದಿನವೇ ಹೇಳಿದ್ದಳು. ಸೋಮವಾರ ಒಣಗಿದ ಅಂಗಿಯನ್ನು ತೊಡಿಸುವಾಗ ಸ್ವಲ್ಪ ಬಿಗಿಯಾಗಿದೆ ಎನಿಸಿ, ಡಬ್ಬವೇ ಉಬ್ಬಿರಬೇಕು ಎಂದುಕೊಂಡು ಎಳೆದು ಕೂರಿಸಿದ್ದ. ಲಿಫ್ಟಿನ ಗುಂಡಿಗೆ ಬೆನ್ನು ಒರಗಿಸಿ ನಿಲ್ಲುವ ಜನರಿಗೆ ಬೈದು ಬೈದು ದನಿ ಒಡೆದುಕೊಂಡ ಮೇಸ್ತ್ರಿ, ತನ್ನ ಮನೆಯಲ್ಲಿ ಒಂದು ತುಂಡು ಬಟ್ಟೆ ನಾಲ್ಕು ದಿನದಿಂದ ಗುಂಡಿಗೆ ಒರಗಿ ನಿಂತದ್ದನ್ನು ಕಂಡಿರಲಿಲ್ಲ.

ಹೆಂಡತಿ ಅಂಗಿಯನ್ನು ಕಳಚಿ ಪಕ್ಕಕ್ಕಿಟ್ಟು ಗುಂಡಿ ಒತ್ತಿದಳು. ಮೂವರೂ ಬಾಯೊಳಗೇ ಎಣಿಸಿದರು. ಆರಾಯಿತು, ಹತ್ತಾಯಿತು, ನೀಲಿ ಹೂವು ಅರಳಿತು.

ಮೇಸ್ತ್ರಿಗೆ ಕಣ್ಣಲ್ಲಿ ನೀರು ಬಂತು. ಪುಸ್ತಕ ಉಳಿಯಿತು, ಹೆಂಡತಿ ಗೆದ್ದಳು, ಇನ್ನೂ ಎರಡು ಗಂಟೆ ಸಮಯವಿದೆ! ಆ ನೀರು ಕೆನ್ನೆಗೆ ಇಳಿಯುವ ಮೊದಲೇ ಅವನಿಗೆ ಇನ್ನೊಂದು ಹೊಳೆಯಿತು. ಪುಸ್ತಕ ಉಳಿಯಿತು ಎಂದರೆ ಕಾಪಿಯ ಮಾತು ಎತ್ತುವ ಅಗತ್ಯವೇ ಇಲ್ಲ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ನಾನು ಮೊದಲಿಂದ ಹೇಳ್ತಿರಲಿಲ್ವಾ, ಯಂತ್ರದಲ್ಲಿ ದೋಷ ಇಲ್ಲ ಅಂತ?"

"ಏನೋ ಹೇಳ್ಬೇಕು ಅಂತಿದ್ರಿ, ಪೆನ್ ಡ್ರೈವ್ ವಿಷಯ."

"ಅದಾ? ಅದೇನಿಲ್ಲ. ಬೀರುವಿನಲ್ಲಿದೆ ಅಂತ ಹೇಳೋಣ ಅಂತಿದ್ದೆ."

ಹೆಂಡತಿ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಟ್ಟು, ನೀವೇ ಕೂತು ಪುಸ್ತಕ ತೆರೆಯಿರಿ, ಎಲ್ಲ ಸರಿಯಿದೆಯೇ ನೋಡಿ, ಕಣ್ಣಾಡಿಸುವುದು ಮೊದಲಿಂದಲೂ ನಿಮ್ಮ ಕೆಲಸವಲ್ಲವೇ ಎಂದಳು. ಮೇಸ್ತ್ರಿ ಠೀವಿಯಿಂದ ಕುಳಿತು ಪುಸ್ತಕ ತೆರೆದ. ಮೊದಲ ಪುಟ ಬಂತು. ಅಲ್ಲಿ ತೋಳಿನ ಚಿತ್ರವಾಗಲಿ, ಕಾಲರಿನ ಚಿತ್ರವಾಗಲಿ ಇರಲಿಲ್ಲ. ನಾಲ್ಕು ಸಾಲು ಬರಹವಿತ್ತು.

"ರೀ, ನೀವು ಇದನ್ನು ಓದುತ್ತಿದ್ದೀರಿ ಎಂದರೆ ಕೊನೆಗೂ ಕಾಪಿ ಮಾಡಲು ಕುಳಿತಿದ್ದೀರಿ ಎಂದಾಯಿತು. ನನಗೆ ತುಂಬಾ ಸಂತೋಷ. ನನ್ನ ಬಟ್ಟೆ ಪೆಟ್ಟಿಗೆಯ ತಳದಲ್ಲಿ ನಿಮಗೊಂದು ಶರ್ಟ್ ಹೊಲಿದಿಟ್ಟಿದ್ದೇನೆ. ಹಾಕಿಕೊಂಡು ಬಂದು ತೋರಿಸಿ."

ಕೆಳಗೆ ತಾರೀಕು ಇತ್ತು. ಮೇಸ್ತ್ರಿ ಬೆರಳು ಮಡಿಸಿ ಲೆಕ್ಕ ಹಾಕಿದ. ಎಂಟು ತಿಂಗಳು.

ಹಿಂದಿನಿಂದ ಹೆಂಡತಿಯ ದನಿ, ಸಿಟ್ಟಿಲ್ಲದೆ, ದಾರ ಸುತ್ತಿದಷ್ಟು ನಿಧಾನವಾಗಿ ಕೇಳಿಸಿತು.

"ಬೀರುವಿಗೆ ಎರಡು ಬೀಗದಕೈ ಇದಾವೆ, ರೀ. ಹಾಡುಗಳು ಚೆನ್ನಾಗಿವೆ."

ಅವಳು ಎಂಟು ತಿಂಗಳಿಂದ ಪುಸ್ತಕವನ್ನು ವಾರವಾರ ತಾನೇ ಸಂಸ್ಥೆಗೆ ಒಯ್ದು ಜೋಪಾನ ಮಾಡುತ್ತಿದ್ದಳಂತೆ. ಬುಧವಾರ ಬೆಳಿಗ್ಗೆಯೇ, ಇವನು ಫ್ರಿಜ್ಜಿನ ಪ್ಲಗ್ ಕೀಳುತ್ತಿದ್ದ ಹೊತ್ತಿಗೆ, ಈ ಮೊದಲ ಪುಟವೊಂದನ್ನು ತೆಗೆದು ಉಳಿದದ್ದನ್ನು ಅಲ್ಲಿಂದ ಪ್ರಕಾಶಕರಿಗೆ ಕಳಿಸಿಯೂ ಆಗಿತ್ತಂತೆ. ಹಾಗಾದರೆ ನಾಲ್ಕು ದಿನ ತನ್ನನ್ನು ಹೀಗೆ ಯಾಕೆ ಕುಣಿಸಿದೆ ಎಂದು ಮೇಸ್ತ್ರಿ ಕೇಳಿದ. ಕೇಳುವಾಗ ಅವನ ದನಿ ಅವನಿಗೇ ಕೇಳಿಸುವಂತಿರಲಿಲ್ಲ.

"ಕುಣಿಸ್ಲಿಲ್ಲ. ಕಾಯ್ತಿದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಈಗ ಸ್ವಲ್ಪ ಹೊತ್ತಿನ ಮುಂಚೆ ಹೇಳೋಕೆ ಬಾಯಿ ತೆಗೆದಿದ್ರಿ. ಅದು ನಿಜ ತಾನೆ?"

"ನಿಜ."

"ಹೋಗ್ಲಿ. ಅಷ್ಟಾದ್ರೂ ಬಂತಲ್ಲ. ಶರ್ಟ್ ಹಾಕ್ಕೊಂಡು ಬನ್ನಿ."

ಮೇಸ್ತ್ರಿ ಪೆಟ್ಟಿಗೆಯ ತಳದಿಂದ ಶರ್ಟ್ ತೆಗೆದ. ತೆಳುನೀಲಿ ಬಣ್ಣ, ಜೇಬಿನಲ್ಲಿ ಸ್ಕ್ರೂಡ್ರೈವರಿಗೆಂದೇ ಒಂದು ಚಿಕ್ಕ ಮಡಿಕೆ. ಕೋಣೆಯಲ್ಲೇ ಅದನ್ನು ತೊಟ್ಟುಕೊಂಡ. ಆಮೇಲೆ ಉಸಿರು ಒಳಗೆಳೆದುಕೊಂಡು, ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ಅಡ್ಡಡ್ಡ ನಡೆಯುತ್ತ ಹೊರಬಂದ. ಅತ್ತೆಯ ಕಣ್ಣಿನಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಕೈ ತೆಗೆಯಿರಿ ಎಂದರು. ತೆಗೆದ. ಹೊಟ್ಟೆಯ ಮೇಲಿನ ಎರಡು ಗುಂಡಿಗಳು ತಮ್ಮ ಕಾಜಾಗಳಿಂದ ಮೂರು ಬೆರಳು ದೂರದಲ್ಲಿ ನಿಂತು ಅವುಗಳ ಮುಖ ನೋಡುತ್ತಿದ್ದವು.

"ಎಂಟು ತಿಂಗಳು ಪೆಟ್ಟಿಗೇಲಿ ಇಟ್ಟಿದ್ದಕ್ಕೆ ಬಟ್ಟೆ ಸ್ವಲ್ಪ ಕುಗ್ಗಿದೆ ಅನ್ಸುತ್ತೆ" ಎಂದ ಮೇಸ್ತ್ರಿ.

ಹೆಂಡತಿ ಕೊರಳಿನ ಟೇಪು ಎಳೆದು ಅವನ ಸೊಂಟದ ಸುತ್ತ ಹಾಕುತ್ತ ಹೇಳಿದಳು.

"ಅದಕ್ಕಿನ್ನೂ ನೀರು ಸೋಕಿಲ್ಲ, ರೀ."